ಬೆಂಚಿನ ಮೇಲೆ ಕೂತವನು

ಬಸವೇಶ್ವರನಗರ, ಬೆಂಗಳೂರು
22 ಜುಲೈ 2024

ಚಿ. ರಾಗಿಣಿಗೆ ನಿನ್ನ ಮಾವ ಸೇತುರಾಮನ ಆಶೀರ್ವಾದಗಳು.

ನೀನು ಆ ಪರದೇಶದ ಸುಖೋಥಾಯ್ ಸೇರಿ ತಿಂಗಳಾಯಿತು. ನೀನು ಫೋನ್ ಮಾಡಿದಾಗಲೆಲ್ಲ ನಾನು "ಹೂಂ, ಹೂಂ" ಅಂತ ಇಟ್ಟುಬಿಡುತ್ತೇನೆ. ಮಗ ಹೋದ ಮೇಲೆ ಈ ಮುದುಕನಿಗೆ ಸೊಸೆಯೂ ಬೇಡವಾದಳು ಅಂದುಕೊಂಡಿರುತ್ತೀಯ. ಹಾಗಲ್ಲಮ್ಮ. ನಿನ್ನ ಅತ್ತೆ ಪಕ್ಕದಲ್ಲೇ ಕೂತಿರುತ್ತಾಳೆ, ಅದಕ್ಕೆ. ಈ ಕಾಗದವನ್ನೂ ಲೈಬ್ರರಿಯಲ್ಲಿ ಕೂತು ಬರೆಯುತ್ತಿದ್ದೇನೆ. ಪೇಪರ್ ಓದೋಕೆ ಹೋಗ್ತೀನಿ ಅಂತ ಹೇಳಿ ಬಂದಿದ್ದೇನೆ.

ವಿಷಯಕ್ಕೆ ಬರುತ್ತೇನೆ. ಜನವರಿಯಲ್ಲಿ ನಮ್ಮ ಅನಿ ತೀರಿಕೊಂಡ ವಾರವೇ ನಿನ್ನತ್ತೆ ಜಲಜಾಗೆ ಸ್ಟ್ರೋಕ್ ಆದದ್ದು, ಬಲಗೈ ಬಿದ್ದದ್ದು ಎಲ್ಲ ನೀನೇ ನೋಡಿದ್ದೀಯ. ಆಮೇಲೆ ಅವಳು ಅನಿಯ ಹೆಸರೇ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ನೀನು ವಿಮಾನ ಹತ್ತಿದ ಮಾರನೆಯ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೇಳಿದಳು: "ಏನ್ರೀ, ಅನಿ ರಾಗಿಣಿ ಇಬ್ರೂ ಕ್ಷೇಮವಾಗಿ ತಲುಪಿದ್ರಂತಾ?"

ನಿನಗೆ ಅಲ್ಲಿ ಹಳೇ ಮಡಕೆ ರಿಪೇರಿ ಕೆಲಸಕ್ಕೆ ಆರ್ಡರ್ ಬಂದದ್ದು, ಅವನೂ ಜೊತೆಗೆ ಹೊರಡುತ್ತೇನೆಂದು ಕಾಲೇಜಿಗೆ ರಜೆ ಅರ್ಜಿ ಬರೆದದ್ದು ಅವಳಿಗೆ ನೆನಪಿದೆ. ಅದರಾಚೆಗೆ ಅವನು ಆಡುತ್ತಾ ಕುಸಿದುಬಿದ್ದ ಷಟಲ್ ಕೋರ್ಟು, ಆಸ್ಪತ್ರೆ, ಯಾವುದೂ ಇಲ್ಲ.  "ಹೂಂ, ತಲುಪಿದ್ರು" ಅಂದುಬಿಟ್ಟೆ. ಇನ್ನೇನು ಹೇಳಲಿ? ಮನಸ್ಸಿಗೆ ಪೆಟ್ಟು ಬೀಳಬಾರದು, ಇನ್ನೊಂದು ಸ್ಟ್ರೋಕ್ ಆದರೆ ಉಳಿಸಿಕೊಳ್ಳೋದು ಕಷ್ಟ ಅಂತ ಡಾಕ್ಟರು ಹೇಳಿದ್ದಾರೆ.

ಒಂದು ಸುಳ್ಳು ಹೇಳಿದ ಮೇಲೆ ಕೇಳಬೇಕೇ? ಅನಿ ಯಾಕೆ ಫೋನ್‌ಗೆ ಬರಲ್ಲ ಅಂದರೆ, ಅಲ್ಲಿ ಮನೆಯಲ್ಲಿ ಸಿಗ್ನಲ್ ಇಲ್ಲ, ನೀನು ಫೋನ್ ಮಾಡೋದು ಕೆಲಸದ ಜಾಗದಿಂದ ಅಂದೆ. ಹಾಗಾದರೆ ಸುದ್ದಿ ಹೇಗೆ ಅಂದರೆ, ಕಾಗದ ಬರೀತಾರೆ ಅಂದೆ. ಈಗ ಪೋಸ್ಟ್‌ಮ್ಯಾನ್ ಬರೋ ಹೊತ್ತಿಗೆ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂರುತ್ತಾಳೆ.

ನೀನು ಅವಳಿಗೊಂದು ಕಾಗದ ಬರೆಯಬೇಕು. ನೀವಿಬ್ಬರೂ ಮ್ಯೂಸಿಯಂ ನೋಡಿದಿರಿ, ಊಟ ಮಾಡಿದಿರಿ, ಚೆನ್ನಾಗಿದ್ದೀರಿ, ಅಷ್ಟೇ. ಕೇಳಬಾರದ್ದು ಕೇಳುತ್ತಿದ್ದೇನೆ, ಗೊತ್ತು.

ನನಗೆ ಬರೆಯುವುದಿದ್ದರೆ ಕಾಮಾಕ್ಷಿಪಾಳ್ಯದ ಪಂಚಾಕ್ಷರಿ ವಿಳಾಸಕ್ಕೆ ಹಾಕು, ಹಿಂದುಗಡೆ ಬರೆದಿದ್ದೇನೆ. ಫ್ಯಾಕ್ಟರಿಯಲ್ಲಿದ್ದಾಗ ನನ್ನ ಪಕ್ಕದ ಲೇತ್ ಮೆಷಿನ್ ಅವನದು, ಗುಟ್ಟು ಬಿಡುವವನಲ್ಲ. ತಿಂಗಳು ತಿಂಗಳು ಅನಿಯ ಮಾಸಿಕಕ್ಕೆ ಮಠಕ್ಕೆ ಹೋಗುವಾಗಲೂ ಜಲಜಾಗೆ "ಪಂಚಾಕ್ಷರಿ ಮನೇಲಿ ಊಟ" ಅಂತಲೇ ಹೇಳಿ, ಮಡಿಪಂಚೆ ಬ್ಯಾಗಿಗೆ ತುರುಕಿಕೊಂಡು ಹೊರಡುತ್ತೇನೆ. ಮಗನಿಗೆ ಎಳ್ಳು ನೀರು ಬಿಡೋದು ಯಾವ ಅಪ್ಪನಿಗೂ ಬರಬಾರದು. ನನಗೆ ಅದನ್ನ ಕದ್ದು ಮಾಡೋ ಹಣೆಬರಹ.

ಇತಿ,
ಸೇತುರಾಮ

———

ಸುಖೋಥಾಯ್
5 ಆಗಸ್ಟ್ 2024

ಮಾವ, ನಮಸ್ಕಾರ.

ನನ್ನಿಂದ ಆಗಲ್ಲ. ದಯವಿಟ್ಟು ಇನ್ನೊಂದು ಸಲ ಕೇಳಬೇಡಿ.

ಬೆಳಿಗ್ಗೆ ಎದ್ದ ತಕ್ಷಣ ಅವನಿಲ್ಲ ಅನ್ನೋದನ್ನ ನನಗೆ ನಾನೇ ಹೇಳಿಕೊಳ್ಳಬೇಕು, ಇಲ್ಲದಿದ್ದರೆ ಎರಡು ಲೋಟ ಕಾಫಿ ಬೆರೆಸಿಬಿಡುತ್ತೇನೆ. ಅಷ್ಟು ಕಷ್ಟಪಟ್ಟು ಕಲಿತದ್ದನ್ನ ನೀವು ಅಳಿಸು ಅನ್ನುತ್ತಿದ್ದೀರಿ. ಅತ್ತೆಗೆ ಹೇಳಿದವರು ನೀವು, ನೀವೇ ಸರಿಮಾಡಿ.

ಇಲ್ಲಿ ನನ್ನ ಕೆಲಸ ಏಳುನೂರು ವರ್ಷ ಹಳೆಯ ಒಡೆದ ಮಡಕೆ, ಬಟ್ಟಲು ಅಂಟಿಸುವುದು. ಅಂಟಿಸಿದ ಗೆರೆ ನೋಡುವವರಿಗೆ ಕಾಣಲೇಬೇಕು ಅಂತ ನಮ್ಮ ಮೇಡಂ ಹೇಳುತ್ತಾರೆ. ಬಣ್ಣ ಬಳಿದು ಗೆರೆ ಮುಚ್ಚಿದರೆ ಅದು ಮೋಸ, ರಿಪೇರಿ ಅಲ್ಲ.

ಅತ್ತೆಯನ್ನು ಚೆನ್ನಾಗಿ ನೋಡಿಕೊಳ್ಳಿ. ನಿಮ್ಮ ಬಿ.ಪಿ. ಮಾತ್ರೆಯನ್ನೂ ಮರೆಯಬೇಡಿ.

ರಾಗಿಣಿ

———

ಸುಖೋಥಾಯ್
16 ಆಗಸ್ಟ್ 2024

ಅತ್ತೆಗೆ ರಾಗಿಣಿಯ ನಮಸ್ಕಾರಗಳು.

ಇವತ್ತು ವರಮಹಾಲಕ್ಷ್ಮಿ. ಬೆಳಿಗ್ಗೆಯಿಂದ ನಿಮ್ಮದೇ ಯೋಚನೆ. ಇಲ್ಲಿ ಹಬ್ಬವೂ ಇಲ್ಲ, ಒಬ್ಬಟ್ಟೂ ಇಲ್ಲ. ಅದಕ್ಕೇ ನಾವಿಬ್ಬರೂ ಹಳೇ ಊರಿನ ಮ್ಯೂಸಿಯಂಗೆ ಹೋಗಿಬಂದೆವು.

ಊರಿನ ಹೆಸರಿಗೆ ನಮ್ಮ ಸುಖೋದಯವೇ ಮೂಲವಂತೆ. ಹಳೇ ಕೋಟೆ, ಸುತ್ತ ಕಂದಕ, ಕೊಳದ ತುಂಬ ತಾವರೆ. ಹಿಂದೆ ರಾಜಧಾನಿಯಾಗಿತ್ತು, ಈಗ ಬರೀ ಕಂಬಗಳು, ಬುದ್ಧರು, ಸೈಕಲ್ ಮೇಲೆ ಸುತ್ತುವ ಟೂರಿಸ್ಟುಗಳು. ಮ್ಯೂಸಿಯಂ ಕೋಟೆಯೊಳಗೇ ಇದೆ.

ನಿಮ್ಮ ಮಗನ ವಿಷಯ ಗೊತ್ತಲ್ಲ. ಲೆಕ್ಕದ ಮೇಷ್ಟ್ರಿಗೂ ಮ್ಯೂಸಿಯಂಗೂ ಎಣ್ಣೆ ಸೀಗೇಕಾಯಿ ಸಂಬಂಧ. ಒಳಗೆ ಹೋದ ತಕ್ಷಣ ಕಣ್ಣು ಬೆಂಚು ಹುಡುಕುತ್ತೆ. ಇಲ್ಲೂ ಅಷ್ಟೇ. ಮೊದಲನೇ ಹಾಲಿನ ಮೂಲೆಯ ಬೆಂಚಿನ ಮೇಲೆ ಕೂತು, ಗೋಡೆಗೆ ತಲೆ ಆನಿಸಿ, "ನೀನು ನೋಡ್ಕೊಂಡ್ ಬಾರೇ, ನಾನು ಇಲ್ಲೇ ಇರ್ತೀನಿ" ಅಂದ. ನಾನು ಬಲವಂತ ಮಾಡಿ ಎಬ್ಬಿಸಿಕೊಂಡು ಹೋಗಿ ಬಟ್ಟಲುಗಳ ಕಪಾಟಿನ ಮುಂದೆ ನಿಲ್ಲಿಸಿದೆ. ಹಸಿರು ಬಿಳಿ ಬಟ್ಟಲು, ತಳದಲ್ಲಿ ಕಪ್ಪು ಗೆರೆಯಲ್ಲಿ ಬರೆದ ಒಂಟಿ ಮೀನು. "ಈ ಮಡಕೆ ನೋಡೋಕೆ ಇಷ್ಟು ದೂರ ಬರ್ಬೇಕಿತ್ತಾ? ಕುಂಬಾರಗುಂಡಿಗೆ ಹೋಗಿದ್ರೆ ಆಗ್ತಿರ್ಲಿಲ್ವಾ? ಮೀನು ಬೇರೆ ನನ್ನನ್ನೇ ನೋಡ್ತಿದೆ ಕಣೇ" ಅಂದ. ನನಗೆ ನಗು ತಡೆಯೋಕೆ ಆಗಲಿಲ್ಲ.

ಆ ಹಾಲನ್ನು ಕಾಯುವ ಹೆಂಗಸನ್ನು ಎಲ್ಲರೂ ಪಾ ನೊಯ್ ಅನ್ನುತ್ತಾರೆ. ಪಾ ಅಂದರೆ ದೊಡ್ಡಮ್ಮ ಇದ್ದ ಹಾಗೆ. ಸ್ಟೂಲ್ ಮೇಲೆ ಕೂತು ಕ್ರೋಶಾ ಹಾಕುತ್ತಿರುತ್ತಾಳೆ. ಭಾಷೆ ಬರದಿದ್ದರೂ ಇವನು ಕೈಸನ್ನೆಯಲ್ಲೇ ಅವಳನ್ನು ಮಾತಾಡಿಸಿಬಿಟ್ಟ.

ಊಟಕ್ಕೆ ತೊಂದರೆ ಇಲ್ಲ. ಇಲ್ಲಿ 'ಜೇ' ಅಂದರೆ ಮಾಂಸ ಮೀನು ಹಾಕದ ಅಡುಗೆ. ಅದೊಂದು ಮಾತು ಕಲಿತರೆ ಬದುಕಿಕೊಳ್ಳಬಹುದು. ನಿಮ್ಮ ಹುಳಿಪುಡಿ ಮುಗಿಯುತ್ತಾ ಬಂತು.

ಕೈಗೆ ಎಣ್ಣೆ ತಿಕ್ಕಿಸಿಕೊಳ್ಳೋದು ಬಿಡಬೇಡಿ ಅಂತ ಹೇಳಬೇಕಂತೆ, ನಿಮ್ಮ ಮಗನ ಅಪ್ಪಣೆ.

ನಿಮ್ಮ,
ರಾಗಿಣಿ, ಅನಿ

———

ಬಸವೇಶ್ವರನಗರ
2 ಸೆಪ್ಟೆಂಬರ್ 2024

ಚಿ. ರಾಗಿಣಿಗೆ ಆಶೀರ್ವಾದಗಳು.

ಆಗಲ್ಲ ಅಂದವಳು ಹೇಗೆ ಬರೆದೆಯೋ ನಾನು ಕೇಳಲ್ಲ. ನಿನ್ನ ಹೊಟ್ಟೆ ತಣ್ಣಗಿರಲಿ.

ಪೋಸ್ಟ್‌ಮ್ಯಾನ್ ಕೈಯಿಂದ ಕವರು ತಾನೇ ಇಸಿದುಕೊಂಡಳು. ಎಡಗೈಯಲ್ಲೇ ಹರಿದಳು. "ಅಕ್ಷರ ಮಂಜು ಮಂಜು, ನೀವೇ ಓದಿ" ಅಂದಳು. ಜಗುಲಿಯಲ್ಲಿ ಕೂತು ಓದಿದೆ. ಕುಂಬಾರಗುಂಡಿ ಮಾತು ಬಂದಾಗ ನನಗೆ ಗೊತ್ತಿಲ್ಲದ ಹಾಗೆ ಅನಿಯ ಧ್ವನಿಯೇ ಬಂದುಬಿಟ್ಟಿತು ಕಣಮ್ಮ, ಆ ಎಳೆದು ಮಾತಾಡೋದು, ಕೊನೆಗೊಂದು "ಕಣೇ". ಓದಿ ತಲೆ ಎತ್ತಿದರೆ ಜಲಜಾ ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ನಕ್ಕಳು. ಜನವರಿ ಆದ ಮೇಲೆ ಈ ಮನೆಯಲ್ಲಿ ಯಾರಾದರೂ ನಕ್ಕಿದ್ದು ಅದೇ ಮೊದಲು. "ಇನ್ನೊಂದ್ಸಲ ಓದಿ" ಅಂದಳು. ಸಂಜೆ ಮತ್ತೆ ಓದಿಸಿದಳು. ನನಗೂ ಬೇಸರವಾಗಲಿಲ್ಲ.

ಒಂದು ವಿಚಿತ್ರ ನೋಡು. ಈ ಸಲ ವರಮಹಾಲಕ್ಷ್ಮಿಗೆ ಅವಳು ಕಲಶವನ್ನೇ ಇಡಲಿಲ್ಲ. ಮದುವೆಯಾದಂದಿನಿಂದ ತಪ್ಪಿಸಿದವಳಲ್ಲ. ಮರೆತೇ ಹೋಗಿದೆ ಪಾಪ. ಮರೆತದ್ದೇ ಒಳ್ಳೆಯದಾಯಿತು. ಸಾವಾಗಿ ವರ್ಷ ತುಂಬದ ಮನೆಯಲ್ಲಿ ಹಬ್ಬ ಮಾಡಬಾರದು ಅಂತ ನಾನು ಯಾವ ಬಾಯಲ್ಲಿ ಹೇಳಲಿ? ಬಿಸಿತುಪ್ಪ ಬಾಯಿಗೆ ಹಾಕಿಕೊಂಡವನ ಪಾಡು ನನ್ನದು.

ಬೇಗ ಇನ್ನೊಂದು ಬರಿ. ಅವನು ಸರಿಯಾಗಿ ನಿದ್ದೆ ಮಾಡ್ತಾನಾ, ಷಟಲ್ ಆಡೋಕೆ ಅಲ್ಲಿ ಜಾಗ ಇದೆಯಾ ಅಂತ ಕೇಳಿದ್ದಾಳೆ. ಆಡಲ್ಲ, ಬಿಟ್ಟಿದ್ದಾನೆ ಅಂತ ಬರೆದುಬಿಡು.

ಮತ್ತೆ, ಆ ಬೆಂಚು ಕಿಟಕಿ ಪಕ್ಕಕ್ಕಿದೆಯಾ? ಗಾಳಿ ಬರುತ್ತಾ? ಇದು ಅವಳು ಕೇಳಿದ್ದಲ್ಲ. ನಾನು ಕೇಳುತ್ತಿರೋದು.

ಸೇತುರಾಮ

———

ಸುಖೋಥಾಯ್
14 ಸೆಪ್ಟೆಂಬರ್ 2024

ಅತ್ತೆಗೆ ನಮಸ್ಕಾರಗಳು.

ಇಲ್ಲಿ ಷಟಲ್ ಇಲ್ಲ. ಅನಿ ಆಡೋದನ್ನ ಬಿಟ್ಟಿದ್ದಾನೆ. ಮ್ಯೂಸಿಯಂನ ಬೆಂಚು ಕಿಟಕಿ ಪಕ್ಕಕ್ಕಿದೆ, ಹೊರಗೊಂದು ಮಳೆಮರ, ಗಾಳಿ ಚೆನ್ನಾಗಿ ಬರುತ್ತೆ.

ಈ ಸಲ ನಡೆಯುವ ಬುದ್ಧನನ್ನು ನೋಡಿದೆವು. ಬೇರೆ ಕಡೆಯೆಲ್ಲ ಬುದ್ಧ ಕೂತಿರುತ್ತಾನೆ, ಇಲ್ಲವೇ ಮಲಗಿರುತ್ತಾನೆ. ಈ ಊರಿನ ಕಂಚಿನ ಬುದ್ಧ ಒಂದು ಹಿಮ್ಮಡಿ ಎತ್ತಿಕೊಂಡು ಹೊರಟೇಬಿಟ್ಟಿದ್ದಾನೆ. ನಾನು ಅವನ ಮುಂದೆಯೇ ನಿಂತುಬಿಟ್ಟಿದ್ದೆ. ಬೆಂಚಿನ ಮೇಲಿಂದ ನಿಮ್ಮ ಮಗ, "ಅವ್ನೇ ಹೊರಟ, ನಾವ್ಯಾವಾಗ ಹೊರಡೋದು?" ಅಂದ.

ಇನ್ನೊಂದು ಕಪಾಟಿನಲ್ಲಿ ಮಣ್ಣಿನ ಪುಟ್ಟ ಗೊಂಬೆಗಳಿವೆ. ನಮ್ಮ ದಸರಾ ಗೊಂಬೆ ನೆನಪಾಯಿತು. ತಾಯಿ ಮಗುವನ್ನು ಎತ್ತಿಕೊಂಡಿದ್ದಾಳೆ, ಆದರೆ ಬಹಳಷ್ಟಕ್ಕೆ ತಲೆಯೇ ಇಲ್ಲ. ಹಳೆಯವಲ್ಲವೇ, ಮುರಿದಿವೆ.

ರಾಗಿಣಿ, ಅನಿ

———

ಸುಖೋಥಾಯ್
14 ಸೆಪ್ಟೆಂಬರ್ 2024

ಮಾವ,

ಇದು ಪಂಚಾಕ್ಷರಿಯವರ ವಿಳಾಸಕ್ಕೆ ಹಾಕುತ್ತಿದ್ದೇನೆ. ಅತ್ತೆಗೆ ಬರೆದದ್ದನ್ನು ನೀವು ಓದಿರುತ್ತೀರಿ. ಅದರಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತೇನೆ.

ನಿನ್ನೆ ಮ್ಯೂಸಿಯಂ ಬಾಗಿಲಲ್ಲಿ ನಾನು ಎರಡು ಟಿಕೆಟ್ ತೆಗೆದುಕೊಂಡೆ. ಬೇಕಂತಲ್ಲ. ಕೈ ತಾನಾಗಿ ಎರಡು ಬೆರಳು ತೋರಿಸಿತು. ಒಳಗೆ ಪಾ ನೊಯ್ ಎರಡೂ ಟಿಕೆಟ್ ನೋಡಿ, ನನ್ನ ಹಿಂದೆ ನೋಡಿ, ಇನ್ನೊಬ್ಬರೆಲ್ಲಿ ಅಂತ ಸನ್ನೆ ಮಾಡಿದಳು. ನಾನು ಬೆಂಚಿನ ಕಡೆ ಕೈ ತೋರಿಸಿದೆ, ಮಾವ. ಖಾಲಿ ಬೆಂಚಿನ ಕಡೆ. ಅವಳು ಬೆಂಚು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಕ್ರೋಶಾ ಕಡ್ಡಿ ಎತ್ತಿಕೊಂಡಳು.

ನನಗೆ ಹೆದರಿಕೆಯಾಗುತ್ತಿದೆ. ಮೊದಲು ಕಾಗದ ಬರೆಯುವಾಗ ಮಾತ್ರ ಅವನು ಬರುತ್ತಿದ್ದ. ಈಗ ಯಾವ ಮ್ಯೂಸಿಯಂಗೆ ಹೋದರೂ ಮೊದಲು ಬೆಂಚು ಹುಡುಕುತ್ತೇನೆ, ಅವನು ಏನಂದಾನು ಅಂತ ಕಾಯುತ್ತೇನೆ. ಮೊನ್ನೆ ನನ್ನ ಕೈಯಲ್ಲೊಂದು ಬಟ್ಟಲು ತಪ್ಪಾಗಿ ಅಂಟಿತು, ಮೇಡಂ ಬಿಚ್ಚಿಸಿದರು. ಇದನ್ನ ಎಲ್ಲಿಯಾದರೂ ನಿಲ್ಲಿಸಬೇಕು. ಯಾವಾಗ ಅಂತ ನೀವು ಹೇಳಿ.

ರಾಗಿಣಿ

———

ಬಸವೇಶ್ವರನಗರ
3 ಅಕ್ಟೋಬರ್ 2024

ಚಿ. ರಾಗಿಣಿಗೆ ಆಶೀರ್ವಾದಗಳು.

ನಿನ್ನ ಎರಡೂ ಕಾಗದ ಬಂದವು. "ಅವ್ನೇ ಹೊರಟ" ಓದಿ ನಾನು ಜಲಜಾ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಹಡಿ ಮೇಲೆ ಬಾಡಿಗೆಗಿರುವ ಕೀರ್ತನಾ ಏನಾಯ್ತೋ ಅಂತ ಓಡಿ ಬಂದಳು. ಥೇಟ್ ಅವನೇ. ಅವನನ್ನು ಹೆತ್ತ ನಮಗೇ ಅಷ್ಟು ಚೆನ್ನಾಗಿ ಗೊತ್ತಿರಲಿಲ್ಲ.

ಆ ಟಿಕೆಟ್ ವಿಷಯ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹೊಸ ಊರು, ಒಂಟಿತನ, ಆಗುತ್ತೆ. ರಾತ್ರಿ ಮಲಗುವ ಮುಂಚೆ ಬಿಸಿ ಹಾಲು ಕುಡಿ. ಮುಂದಿನ ಕಾಗದದಲ್ಲಿ ಅವನು ಏನು ತಿಂದ, ಯಾವ ಷರ್ಟು ಹಾಕಿದ್ದ ಅಂತಲೂ ಬರಿ, ಸ್ವಲ್ಪ ಉದ್ದವಾಗಿರಲಿ.

ಇವತ್ತು ನವರಾತ್ರಿ ಪಾಡ್ಯ. ನನಗೆ ಮೊದಲಿಂದ ಇದೇ ದಿಗಿಲಾಗಿತ್ತು. ಈ ವರ್ಷ ನಮ್ಮನೆಯಲ್ಲಿ ಗೊಂಬೆ ಕೂರಿಸುವ ಹಾಗಿಲ್ಲ. ಕೂರಿಸದಿದ್ದರೆ ಯಾಕೆ ಅಂತ ಅವಳು ಕೇಳುತ್ತಾಳೆ. ಕೊನೆಗೆ, ಶಾಸ್ತ್ರ ಹಾಳಾಗಲಿ, ಪಾಪ ಬಂದರೆ ನನಗೇ ಬರಲಿ ಅಂತ ನಾನೇ ಅಟ್ಟ ಹತ್ತಿ ಟ್ರಂಕು ಇಳಿಸಿದೆ. ಪಟ್ಟದ ಗೊಂಬೆಗಳನ್ನು ಸುತ್ತಿದ ಹಳೇ ರೇಷ್ಮೆ ಸೀರೆ ಬಿಚ್ಚೋಕೆ ಹೋದೆ. ಅವಳು ನನ್ನ ಕೈ ಹಿಡಿದುಕೊಂಡಳು.

"ಈ ವರ್ಷ ಬೇಡ ಬಿಡ್ರೀ. ಬೆನ್ನು ನೋವು, ಮೆಟ್ಟಿಲು ಜೋಡಿಸೋಕೆ ನನ್ ಕೈಲಾಗಲ್ಲ."

"ನಾನಿದೀನಲ್ಲೇ, ಕೀರ್ತನಾನೂ ಬರ್ತಾಳಂತೆ."

"ಬೇಡ ಅಂದ್ನಲ್ಲ. ಮೇಲಿಡಿ."

ಬದುಕಿದೆಯಾ ಬಡಜೀವವೇ ಅಂತ ಟ್ರಂಕು ವಾಪಸ್ ಏರಿಸಿದೆ. ಗಣೇಶನ ಹಬ್ಬಕ್ಕೂ ಹೀಗೇ ಏನೋ ನೆಪ ಹೇಳಿದ್ದಳು. ಮರೆವು ಒಂದೊಂದನ್ನೇ ತಿನ್ನುತ್ತಿದೆ. ಗೊಂಬೆ ಅಂದರೆ ಪ್ರಾಣ ಬಿಡುತ್ತಿದ್ದವಳು, ಅದರ ಆಸೆಯೂ ಹೋಯಿತಲ್ಲ ಅಂತ ಸಂಕಟವಾಯಿತು.

ಆ ಮಣ್ಣಿನ ಗೊಂಬೆಗಳಿಗೆ ತಲೆ ಯಾಕಿಲ್ಲ ಅಂತ ಸರಿಯಾಗಿ ತಿಳಿದು ಬರೆಯಬೇಕಂತೆ, ನಿನ್ನತ್ತೆ ಕೇಳಿದ್ದಾಳೆ.

ಸೇತುರಾಮ

———

ಸುಖೋಥಾಯ್
14 ಅಕ್ಟೋಬರ್ 2024

ಮಾವ,

ನಿಮ್ಮ ಕಾಗದವನ್ನು ಮತ್ತೆ ಮತ್ತೆ ಓದಿದೆ. ನೀವು ಬರೆದದ್ದನ್ನ ನೀವೇ ಓದಿಕೊಳ್ಳಲಿಲ್ಲವಾ?

ಅತ್ತೆ ಕಲಶ ಇಡಲಿಲ್ಲ. ಗಣೇಶನನ್ನು ತರಿಸಲಿಲ್ಲ. ಗೊಂಬೆ ಮುಟ್ಟಲು ಬಿಡಲಿಲ್ಲ. ನಾನು ಸೊಸೆಯಾಗಿ ಬಂದ ಮೊದಲ ದಸರಾದಲ್ಲಿ ಕಾಲಿನ ಮೂಳೆ ಮುರಿದಿದ್ದರೂ ಕುರ್ಚಿಯಲ್ಲಿ ಕೂತು, "ಅದು ಅಲ್ಲಿಗಲ್ಲ ಕಣೇ, ಇನ್ನೂ ಎಡಕ್ಕೆ" ಅಂತ ನಮ್ಮಿಬ್ಬರ ಕೈಲಿ ಒಂಬತ್ತು ಮೆಟ್ಟಿಲು ಜೋಡಿಸಿದವರು ಅವರು. ಅವರು ಬೆನ್ನು ನೋವಿಗೆ ಗೊಂಬೆ ಬಿಡುತ್ತಾರಾ? ಮರೆತವರು ಹಬ್ಬವನ್ನ ಮರೆಯಬಹುದು. ನೀವು ಟ್ರಂಕು ಕಣ್ಣ ಮುಂದೆ ತಂದಿಟ್ಟಾಗ ಕೈ ಹಿಡಿದು ತಡೆಯೋದಿಲ್ಲ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಗೊಂಬೆ ಕೂರಿಸಬಾರದು ಅಂತ ಗೊತ್ತಿರುವವರು ಮಾತ್ರ ಹಾಗೆ ತಡೆಯುತ್ತಾರೆ.

ಅತ್ತೆಗೆ ಗೊತ್ತು, ಮಾವ. ಅನಿ ಇಲ್ಲ ಅಂತ ಗೊತ್ತು.

ಹಾಗಾದರೆ ನಾನು ಯಾರಿಗಾಗಿ ಅವನನ್ನು ಬೆಂಚಿನ ಮೇಲೆ ಕೂರಿಸುತ್ತಿದ್ದೇನೆ? ನಿಮ್ಮ ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು ನಗುತ್ತಿದ್ದೀರಿ, ನಾನಿಲ್ಲಿ ಅವನ ಮಾತು ಹುಟ್ಟಿಸಿ ಹುಟ್ಟಿಸಿ, ಅವನು ನಿಜವಾಗಿ ಆಡಿದ ಮಾತು ಯಾವುದು ಅನ್ನೋದನ್ನೇ ಕಳೆದುಕೊಳ್ಳುತ್ತಿದ್ದೇನೆ. ಅತ್ತೆಯ ಹತ್ತಿರ ಕೂತು ಮಾತಾಡಿ. ಕೈ ಮುಗಿಯುತ್ತೇನೆ.

ರಾಗಿಣಿ

———

ಬಸವೇಶ್ವರನಗರ
27 ಅಕ್ಟೋಬರ್ 2024

ರಾಗಿಣಿ,

ನಾನು ಜಲಜಾ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಕಾಗೆ ಕಾಲು ಗುಬ್ಬಿ ಕಾಲು ಅಂತ ನಗಬೇಡ. ಪೋಸ್ಟ್ ಮಾಡೋದು ಕೀರ್ತನಾ.

ನೀನು ನಿಮ್ಮ ಮಾವನಿಗೆ ಬರೆದ ಕಾಗದ ನನ್ನ ಕೈಗೆ ಬಂತು. ಮೊನ್ನೆ ಇವರು ಬ್ಯಾಂಕಿಗೆ ಹೋಗಿದ್ದಾಗ ಪಂಚಾಕ್ಷರಿಯವರು ಬಂದರು. "ಬನ್ನಿ ಕೂತ್ಕೊಳಿ. ತಿಂಗಳು ತಿಂಗಳು ನಮ್ಮನೆಯವ್ರಿಗೆ ಊಟ ಹಾಕ್ತೀರಲ್ಲ, ಏನು ಅಡುಗೆ ಮಾಡಿಸ್ತೀರಿ?" ಅಂತ ಕೇಳಿದೆ. ಪಾಪ, ಆ ಮನುಷ್ಯನಿಗೆ ಸುಳ್ಳು ಹೇಳೋಕೆ ಬರಲ್ಲ. "ಅಮ್ಮಾ, ನನ್ನನ್ನ ಏನೂ ಕೇಳ್ಬೇಡಿ" ಅಂತ ಕಣ್ಣಲ್ಲಿ ನೀರು ತುಂಬಿಕೊಂಡು ಕವರು ನನ್ನ ಮಡಿಲಿಗೆ ಹಾಕಿ ಹೋಗೇಬಿಟ್ಟರು. ಒಡೆದು ಓದಿದೆ. ಮಂಜು ಮಂಜು ಅಂದಿದ್ದೆಲ್ಲ ಸುಳ್ಳು, ನನಗೆ ಅಕ್ಷರ ಚೆನ್ನಾಗಿ ಕಾಣುತ್ತೆ.

ಹೌದು ಕಣೇ, ನನಗೆ ಗೊತ್ತು.

ಮೊದಲು ನಿಜವಾಗಿಯೂ ನೆನಪಿರಲಿಲ್ಲ. ಆಷಾಢ ಮುಗಿಯೋ ಹೊತ್ತಿಗೆ ಒಂದು ದಿನ ಇವರು ಪಂಚಾಕ್ಷರಿ ಮನೆ ಊಟ ಅಂತ ಹೋಗಿ ಬಂದರು. ಕೈಗೆ ನೀರು ಹಾಕಿದೆ. ಬೆರಳ ಸಂದಿಯಲ್ಲಿ ಒಂದು ಕರಿ ಎಳ್ಳು ಅಂಟಿಕೊಂಡಿತ್ತು. ನನ್ನ ಅತ್ತೆ ಮಾವನ ತಿಥಿ ಯಾವ ತಿಂಗಳು ಅಂತ ಈ ಮನೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮತ್ತೆ ಈ ಎಳ್ಳು ಯಾರಿಗೆ ಅಂತ ಯೋಚಿಸುತ್ತಾ ತಂಬಿಗೆ ಹಿಡಿದುಕೊಂಡು ನಿಂತೆ. ಆಗ ಎಲ್ಲ ಬಂತು. ಅವನ ಷಟಲ್ ಬ್ಯಾಗು, ನೀನು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತಿದ್ದು, ಎಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಾಯಿಗೆ ಸೆರಗು ತುರುಕಿ ಅತ್ತುಬಿಟ್ಟೆ.

ಹೇಳಿಬಿಡಬೇಕು ಅಂತಲೇ ಇದ್ದೆ. ಅಷ್ಟರಲ್ಲಿ ನಿನ್ನ ಕಾಗದ ಬಂತು. ಅವನು ಹೋದ ಮೇಲೆ ಈ ಮನುಷ್ಯ ಅತ್ತಿಲ್ಲ, ನಕ್ಕಿಲ್ಲ, ಕಲ್ಲಾಗಿ ಕೂತಿದ್ದರು. ನಿನ್ನ ಕಾಗದ ಓದುವಾಗ ಮುಖ ನೋಡಬೇಕಿತ್ತು. ಮಗನ ಹಾಗೆ ಮಾತಾಡಿದರು ಕಣೇ. ಆ ಮುಖವನ್ನ ನೋಡಿಕೊಂಡು, ನಿಲ್ಸಿ, ಅವನಿಲ್ಲ ಅಂತ ಹೇಗೆ ಹೇಳಲಿ? ಅವರು ನನ್ನನ್ನ ಉಳಿಸಿಕೊಳ್ಳೋಕೆ ಮಾಡುತ್ತಿದ್ದಾರೆ ಅಂತ ನನಗೆ ಗೊತ್ತು. ನಾನು ಅವರನ್ನ ಉಳಿಸಿಕೊಳ್ಳೋಕೆ ಸುಮ್ಮನಿದ್ದೆ. ಹಬ್ಬ ಮಾತ್ರ ಮಾಡಲಾರದೆ ಹೋದೆ. ನನ್ನ ಮಗ ಸತ್ತ ವರ್ಷ ನಾನು ಗೊಂಬೆ ಕೂರಿಸಿ ಆರತಿ ಎತ್ತಲಾ?

ನಿನ್ನನ್ನ ಇಬ್ಬರೂ ಮರೆತೆವು. ಎರಡು ಟಿಕೆಟ್ ತಗೊಂಡೆ ಅಂತ ನೀನು ಬರೆದಿದ್ದೂ ಇವರ ಕೋಟಿನ ಜೇಬಲ್ಲಿ ಸಿಕ್ಕಿ ಈಗ ಓದಿದೆ. ಅಯ್ಯೋ ಮಗಳೇ. ಇನ್ನೂ ಬರಿ ಅನ್ನೋಕೆ ನನಗೆ ಬಾಯಿಲ್ಲ. ನಿಲ್ಲಿಸು ಅನ್ನೋಕೆ ಧೈರ್ಯವಿಲ್ಲ. ಇವರು ತಡೆದುಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ. ನಿನಗೆ ಹೇಗೆ ತೋಚುತ್ತೋ ಹಾಗೆ ಮಾಡು. ನೀನು ಬರೆದ ಈ ಕಾಗದವನ್ನು ಅವರಿಗೆ ಕೊಟ್ಟಿಲ್ಲ, ಅಕ್ಕಿ ಡಬ್ಬದಲ್ಲಿದೆ.

ಜಲಜಾ

———

ಸುಖೋಥಾಯ್
9 ನವೆಂಬರ್ 2024

ಅತ್ತೆ, ಮಾವ ಇಬ್ಬರಿಗೂ ನಮಸ್ಕಾರಗಳು. ಮಾವ, ಇದನ್ನ ಎಂದಿನ ಹಾಗೆ ಜಗುಲಿಯಲ್ಲಿ ಕೂತು ಗಟ್ಟಿಯಾಗಿ ಓದಿ.

ಈ ವಾರ ಮತ್ತೆ ಮ್ಯೂಸಿಯಂಗೆ ಹೋಗಿದ್ದೆ. ನಾನೊಬ್ಬಳೇ ಹೋಗಿದ್ದೆ. ಒಂದೇ ಟಿಕೆಟ್ ತೆಗೆದುಕೊಂಡೆ. ಬೆಂಚಿನ ಮೇಲೆ ಯಾರೂ ಇರಲಿಲ್ಲ.

ಆ ತಲೆಯಿಲ್ಲದ ಗೊಂಬೆಗಳ ವಿಷಯ ಅತ್ತೆ ಕೇಳಿದ್ದರು. ಹಳೆಯದಾಗಿ ಮುರಿದಿವೆ ಅಂತ ನಾನು ಬರೆದದ್ದು ಸರಿಯಲ್ಲ, ನನಗೆ ಆಗಲೇ ಗೊತ್ತಿತ್ತು. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ, ಹೆರಿಗೆ ಕಷ್ಟವಾದರೆ, ಅವರ ಹೆಸರಿನಲ್ಲಿ ಒಂದು ಗೊಂಬೆ ಮಾಡಿ ಅದರ ತಲೆ ಮುರಿಯುತ್ತಿದ್ದರಂತೆ. ಬಂದ ಸಾವು ಗೊಂಬೆಯನ್ನು ತೆಗೆದುಕೊಂಡು ಮನುಷ್ಯರನ್ನು ಬಿಟ್ಟುಹೋಗಲಿ ಅಂತ. ಹಾಗಂತ ಇಲ್ಲಿಯವರು ಹೇಳುತ್ತಾರೆ. ಆ ದಿನ ಅದನ್ನು ಕೇಳಿ ನನಗೆ ಹೊಟ್ಟೆ ಉರಿದುಹೋಯಿತು. ನಮಗೆ ಗೊಂಬೆ ಮುರಿಯೋಕೂ ಟೈಮ್ ಸಿಗಲಿಲ್ಲ, ಅತ್ತೆ. ಬೆಳಿಗ್ಗೆ ಆಡೋಕೆ ಹೋದವನು ಹೋಗೇಬಿಟ್ಟ. ಅದಕ್ಕೆ ನಾವು ಮೂವರೂ ಸೇರಿ ಉಲ್ಟಾ ಮಾಡಿದೆವು. ಮನುಷ್ಯ ಹೋದ ಮೇಲೆ ಗೊಂಬೆ ಮಾಡಿದೆವು, ಬೆಂಚಿನ ಮೇಲೆ ಕೂರಿಸಿ ಮಾತಾಡಿಸಿದೆವು. ಆ ಗೊಂಬೆ ಚೆನ್ನಾಗಿತ್ತು. ಆದರೆ ಅದು ಅನಿ ಅಲ್ಲ. ಅನಿ ಜನವರಿಯಲ್ಲಿ ತೀರಿಹೋದ.

ಪಾ ನೊಯ್‌ಗೂ ಹೇಳಿದೆ. ಫೋನ್‌ನಲ್ಲಿ ಅವನ ಫೋಟೋ ತೋರಿಸಿ, ಕೈ ಮೇಲಕ್ಕೆ ತೋರಿಸಿದೆ. ಅವಳು ಸ್ಟೂಲ್ ಬಿಟ್ಟು ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕೂತಳು. ನನಗೆ ಜೋರಾಗಿ ಅಳು ಬಂತು. ಎದುರಿಗೇ ಸದ್ದು ಮಾಡಬಾರದು ಅಂತ ಬೋರ್ಡ್ ಇತ್ತು. ಅವಳು ಎದ್ದು ಹೋಗಿ ಅದನ್ನ ಗೋಡೆಗೆ ತಿರುಗಿಸಿಟ್ಟು ಬಂದಳು.

ಮಾವ, ಅತ್ತೆಗೆ ಎಲ್ಲ ಗೊತ್ತಿದೆ. ಕಾಗದ ಮಡಿಸಿಟ್ಟು ಅವರ ಕಡೆ ನೋಡಿ.

ರಾಗಿಣಿ

———

ಬಸವೇಶ್ವರನಗರ
30 ನವೆಂಬರ್ 2024

ಚಿ. ರಾಗಿಣಿಗೆ ಆಶೀರ್ವಾದಗಳು.

ನಿನ್ನ ಕಾಗದ ಬಂದು ಹತ್ತು ದಿನದ ಮೇಲಾಯಿತು. ಪೆನ್ನು ಹಿಡಿಯೋಕೆ ಆಗಿರಲಿಲ್ಲ.

ನೀನು ಹೇಳಿದ ಹಾಗೆ ಜಗುಲಿಯಲ್ಲಿ ಕೂತೇ ಓದಿದೆ. "ಈ ವಾರ ಮತ್ತೆ ಮ್ಯೂಸಿಯಂಗೆ ಹೋಗಿದ್ದೆ" ಅಂತ ಓದಿ, ಮುಂದಿನ ಸಾಲಿಗೆ ಕಣ್ಣು ಹಾಯಿಸಿದವನು ಅಲ್ಲೇ ನಿಂತೆ.  ಆದರೂ ಬಿಡಲಿಲ್ಲ ನೋಡು ಈ ಕೆಟ್ಟ ನಾಲಿಗೆ. "ಇಬ್ಬರೂ ಹೋಗಿದ್ದೆವು, ಅನಿ ಬೆಂಚಿನ ಮೇಲೆ ಕೂತ" ಅಂತ ಇಲ್ಲದ್ದನ್ನೇ ಓದತೊಡಗಿದೆ. ನಾನೇ ಕಟ್ಟಿ ಕಟ್ಟಿ ಹೇಳಿದೆ, ಅವನು ನೀಲಿ ಷರ್ಟು ಹಾಕಿದ್ದ ಅಂದೆ, ಏನೇನೋ ಅಂದೆ.

ಜಲಜಾ ಎಡಗೈ ನನ್ನ ಮೊಣಕಾಲ ಮೇಲಿಟ್ಟಳು.

"ಇದ್ದ ಹಾಗೆ ಓದ್ರೀ" ಅಂದಳು.

ಓದಿದೆ. ಕೊನೆಯವರೆಗೂ ಓದಿದೆ. ಕಾಗದ ಮಡಿಸಿ ಅವಳ ಕಡೆ ನೋಡಿದೆ. ಆಮೇಲೆ ಆದದ್ದನ್ನ ಬರೆಯೋಕೆ ನನಗೆ ಬರಲ್ಲಮ್ಮ. ಆಸ್ಪತ್ರೆಯಲ್ಲಿ ಅಳಲಿಲ್ಲ, ಚಟ್ಟ ಕಟ್ಟುವಾಗ ಅಳಲಿಲ್ಲ, ಅದೆಲ್ಲ ಆ ಸಂಜೆ ಬಂತು. ಅವಳಿಗೇನಾದರೂ ಆದೀತು ಅಂತ ಹೆದರಿ ಅವಳನ್ನ ಹಿಡಿದುಕೊಂಡೆ. ನೋಡಿದರೆ ಅವಳೇ ನನ್ನನ್ನ ಹಿಡಿದುಕೊಂಡಿದ್ದಳು.

ಅಕ್ಕಿ ಡಬ್ಬದ ಕಾಗದವನ್ನೂ ಕೊಟ್ಟಳು. ನಿನ್ನನ್ನ ಎಷ್ಟು ನೋಯಿಸಿದೆ ಅಂತ ಅದನ್ನು ಓದಿದ ಮೇಲೆ ಗೊತ್ತಾಯಿತು. ನಿನ್ನ ಗಂಡನನ್ನ ನಿನ್ನ ಹತ್ತಿರ ಸಾಲ ಕೇಳಿದ ಹಾಗಾಯಿತು. ಈ ಮುದುಕನನ್ನ ಕ್ಷಮಿಸಮ್ಮ. ಇನ್ನು ಮೇಲೆ ಕಾಗದ ಬರಿ, ನಿನ್ನ ಸುದ್ದಿ ಬರಿ. ನೀನು ಏನು ನೋಡಿದೆ, ನೀನು ಏನು ತಿಂದೆ, ಯಾವ ಬಟ್ಟಲು ಅಂಟಿಸಿದೆ ಅಂತ. ಅವನು ಬದುಕಿದ್ದಾಗ ಆಡಿದ ಮಾತು ಯಾವುದಾದರೂ ನೆನಪಾದರೆ ಅದನ್ನೂ ಬರಿ.

ಮುಂದಿನ ದಸರಾಕ್ಕೆ ಗೊಂಬೆ ಕೂರಿಸುತ್ತಾಳಂತೆ. ಅಷ್ಟು ಹೊತ್ತಿಗೆ ನಿನ್ನ ಕೆಲಸ ಮುಗಿದಿರುತ್ತಲ್ಲ, ಬರುವಾಗ ಅಲ್ಲಿಂದ ಒಂದು ಗೊಂಬೆ ತರಬೇಕಂತೆ. ತಲೆ ಇರುವುದು.

ಬುಧವಾರ ಮಾಸಿಕ ಇತ್ತು. ಬೆಳಿಗ್ಗೆ ಸ್ನಾನ ಮಾಡಿ ಅಭ್ಯಾಸಬಲದಿಂದ ಪಂಚೆಯನ್ನ ಬ್ಯಾಗಿನ ತಳಕ್ಕೆ ತುರುಕುತ್ತಿದ್ದೆ. ಜಲಜಾ ಬಂದು ಅದನ್ನು ಹೊರಗೆ ತೆಗೆದು, ಒಂದೇ ಕೈಯಲ್ಲಿ ನೀಟಾಗಿ ಮಡಿಸಿ ಮೇಲಿಟ್ಟಳು. ಎಳ್ಳಿನ ಡಬ್ಬ ತಂದಳು. ಆಮೇಲೆ ಬಾಗಿಲ ಹತ್ತಿರ ಹೋಗಿ ಚಪ್ಪಲಿ ಹಾಕಿಕೊಳ್ಳತೊಡಗಿದಳು.

"ಎಲ್ಲಿಗೇ?" ಅಂದೆ.

"ಪಂಚಾಕ್ಷರಿ ಮನೆಗೆ" ಅಂದಳು. "ಆಟೋ ಕರೀರಿ, ಇಬ್ರೂ ಹೋಗೋಣ."

ಇತಿ,
ಸೇತುರಾಮ